ಮಗುವಿನ ಕಿವಿಗೆ ಎರಡು ದಿನ ಕೊಡಿ





ನಮ್ಮ ಮನೆಗಳಲ್ಲಿ ಮಗು ಹುಟ್ಟಿದ ಕೂಡಲೇ ಅದರ ಬಲಗಿವಿಯಲ್ಲಿ ಅಝಾನ್, ಎಡಗಿವಿಯಲ್ಲಿ ಇಕಾಮತ್ ಹೇಳುವ ವಾಡಿಕೆಯಿದೆ. ಹೆಸರಿಡುವುದು, ತಲೆಗೂದಲು ತೆಗೆಸುವುದು, ಅಕೀಕ ಎಲ್ಲವೂ ಆಮೇಲೆ. ಈ ಲೋಕಕ್ಕೆ ಬಂದ ಕೂಸಿಗೆ ನಾವು ಕೊಡುವ ಮೊದಲ ಉಡುಗೊರೆಯೇ ಒಂದು ಧ್ವನಿ. ಆದರೆ ಆ ಧ್ವನಿ ಕೂಸಿಗೆ ಕೇಳಿಸಿತೇ ಎಂದು ನಾವು ಯಾರೂ ವಿಚಾರಿಸುವುದಿಲ್ಲ. ಮಗುವಿನ ತೂಕ ಎಷ್ಟು, ಬಣ್ಣ ಹೇಗಿದೆ, ಯಾರ ಹೋಲಿಕೆ ಎಂದು ಕೇಳುತ್ತೇವೆ. ಕಿವಿಯ ಬಗ್ಗೆ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳಿಗೆ ಹಾಸನದ ಒಂದು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಗಂಡುಮಗು ಹುಟ್ಟಿತು. ರಾತ್ರಿ ಹುಟ್ಟಿದ ಮಗು. ಮರುದಿನ ಮಧ್ಯಾಹ್ನ ಸಣ್ಣದೊಂದು ಯಂತ್ರ ಹಿಡಿದು ಒಬ್ಬರು ಬಂದರು. ಮಗುವಿನ ಕಿವಿಗೆ ಮೆತ್ತನೆಯ ಬಿರಡೆಯಂಥದ್ದನ್ನು ಇಟ್ಟರು. ಎರಡು ನಿಮಿಷವೂ ಆಗಲಿಲ್ಲ. "ಎರಡೂ ಕಿವಿ ರೆಫರ್ ಬಂದಿದೆ, ಇನ್ನೊಮ್ಮೆ ತೋರಿಸಿ" ಎಂದು ಚೀಟಿ ಬರೆದುಕೊಟ್ಟು ಪಕ್ಕದ ಮಂಚಕ್ಕೆ ಹೋದರು. ರೆಫರ್ ಎಂದರೇನು, ಇನ್ನೊಮ್ಮೆ ಯಾವಾಗ, ಎಲ್ಲಿ, ಏನೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಆ ಚೀಟಿ ಮನೆಯವರ ಬಾಯಲ್ಲಿ "ಮಗುವಿಗೆ ಕಿವಿ ಕೇಳುವುದಿಲ್ಲವಂತೆ" ಎಂದಾಗಿತ್ತು.

ಮಗುವಿನ ದಾದಿ ಸ್ಟೀಲ್ ತಟ್ಟೆ ತಂದು ಮಗುವಿನ ತಲೆಯ ಹತ್ತಿರ ಚಮಚದಿಂದ ಬಡಿದರು. ಮಗು ಬೆಚ್ಚಿತು ಎಂದು ಒಬ್ಬರು, ಇಲ್ಲ ಗಾಳಿಗೆ ಅಲುಗಾಡಿತು ಎಂದು ಇನ್ನೊಬ್ಬರು. "ನಮ್ಮ ಕಡೆ ಯಾರಿಗೂ ಹೀಗಿಲ್ಲ" ಎಂಬ ಮಾತು ಹೊರಬಿತ್ತು. ಸಹೋದರಿಯರೇ, ಆ ಮಾತು ಯಾರ ಕಡೆಗೆ ತಿರುಗಿದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲಿಗೆಯ ನೋವಿನಲ್ಲಿ ಮಲಗಿದ್ದ ಹುಡುಗಿ ಗೋಡೆಯ ಕಡೆಗೆ ಹೊರಳಿ ಅಳುತ್ತಿದ್ದಳು. "ಖಾಲಾ, ನನ್ನ ಮಗು ಅಝಾನ್ ಕೇಳಲೇ ಇಲ್ಲವಾ?" ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕಿಕೊಂಡು ಹೋದೆ. ಮಕ್ಕಳ ವೈದ್ಯರನ್ನು ಕೇಳಿದೆ, ಮೈಸೂರಿನಲ್ಲಿ ಶ್ರವಣ ತಜ್ಞರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಅವತ್ತು ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ಆಮೇಲೆ ನನ್ನದೇ ಒಂದು ತಪ್ಪನ್ನೂ ಹೇಳುತ್ತೇನೆ.

ಮೊದಲು ಯಂತ್ರದ ವಿಷಯ. ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ಪುಟ್ಟ ಭಾಗವಿದೆ, ಅದಕ್ಕೆ ಕಾಕ್ಲಿಯಾ ಎನ್ನುತ್ತಾರೆ. ಅದರಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದ ಬಂದಾಗ ಈ ಕೋಶಗಳು ಅಲುಗಾಡುತ್ತವೆ. ಅಚ್ಚರಿಯೆಂದರೆ ಹಾಗೆ ಅಲುಗಾಡುವಾಗ ಅವು ತಾವೂ ಒಂದು ಅತಿ ಸಣ್ಣ ಧ್ವನಿಯನ್ನು ಹೊರಕ್ಕೆ ಕಳಿಸುತ್ತವೆ. ಬಾವಿಯೊಳಗೆ ಕೂಗಿದರೆ ಮರುದನಿ ಬಂದ ಹಾಗೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಈ ಮರುದನಿಯನ್ನು ಮೊದಲು ಅಳೆದು ತೋರಿಸಿದರು. ಮಗುವಿನ ಕಿವಿಗಿಟ್ಟ ಬಿರಡೆಯಲ್ಲಿ ಒಂದು ಪುಟ್ಟ ಸ್ಪೀಕರೂ ಒಂದು ಪುಟ್ಟ ಮೈಕೂ ಇರುತ್ತವೆ. ಸ್ಪೀಕರ್ 'ಟಿಕ್ ಟಿಕ್' ಎಂದು ಶಬ್ದ ಕಳಿಸುತ್ತದೆ, ಮೈಕ್ ಮರುದನಿಗಾಗಿ ಕಾಯುತ್ತದೆ. ಬಂದರೆ 'ಪಾಸ್'. ಬರದಿದ್ದರೆ 'ರೆಫರ್'. ಈ ಪರೀಕ್ಷೆಗೆ ವೈದ್ಯರು ಓ.ಎ.ಇ. ಎನ್ನುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಮಗು ನಿದ್ದೆಯಲ್ಲೇ ಇರಬಹುದು.

ರೆಫರ್ ಎಂದರೆ ಕಿವುಡು ಎಂದಲ್ಲ. 'ಮರುದನಿ ಈಗ ಸಿಗಲಿಲ್ಲ, ಮತ್ತೆ ನೋಡಿ' ಎಂದಷ್ಟೇ ಅರ್ಥ.

ಏಕೆ ಸಿಗಲಿಲ್ಲ? ಇಲ್ಲಿದೆ ನೋಡಿ ಹುಟ್ಟಿದ ಮೊದಲ ದಿನಗಳ ಗುಟ್ಟು. ಮಗು ಒಂಬತ್ತು ತಿಂಗಳು ನೀರಿನಲ್ಲಿದ್ದು ಬಂದಿರುತ್ತದೆ. ಅದರ ಮೈಮೇಲೆ ಬೆಣ್ಣೆ ಸವರಿದಂತೆ ಬಿಳಿಯ ಲೇಪ ಇರುವುದನ್ನು ನೀವು ನೋಡಿದ್ದೀರಿ. ಅದೇ ಲೇಪ ಕಿವಿಯ ತೂತಿನಲ್ಲೂ ಅಂಟಿಕೊಂಡಿರುತ್ತದೆ. ಕಿವಿತಮಟೆಯ ಹಿಂದಿನ ಜಾಗದಲ್ಲಿ ಗಾಳಿ ಇರಬೇಕು. ಹೊಸ ಮಗುವಿಗೆ ಅಲ್ಲಿ ಇನ್ನೂ ದ್ರವ ಉಳಿದಿರುತ್ತದೆ. ಮಗು ಅತ್ತು, ಉಸಿರಾಡಿ, ಹಾಲು ಕುಡಿಯುತ್ತಾ ದಿನ ಕಳೆದಂತೆ ಲೇಪ ತಾನಾಗಿ ಒಣಗಿ ಹೊರಬರುತ್ತದೆ, ದ್ರವ ಹೀರಿಕೊಂಡು ಹೋಗುತ್ತದೆ, ಅಲ್ಲಿ ಗಾಳಿ ತುಂಬುತ್ತದೆ.

ಈಗ ಯೋಚಿಸಿ. ಯಂತ್ರದ ಶಬ್ದ ಈ ಲೇಪ ಮತ್ತು ದ್ರವವನ್ನು ದಾಟಿ ಒಳಗೆ ಹೋಗಬೇಕು. ಒಳಗಿನ ಮರುದನಿ ಮತ್ತೆ ಅದೇ ದಾರಿಯಲ್ಲಿ ಹೊರಗೆ ಬರಬೇಕು. ಅಡ್ಡಿ ಒಂದೇ ಆದರೂ ಎರಡು ಸಲ ದಾಟಬೇಕು. ಮರುದನಿಯೋ ಮೊದಲೇ ಅತಿ ಸಣ್ಣದು, ದಾರಿಯಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಹುಟ್ಟಿದ ಮೊದಲ 24 ಗಂಟೆಯೊಳಗೆ ಈ ಪರೀಕ್ಷೆ ಮಾಡಿದರೆ ಒಳಗಿವಿ ಚೆನ್ನಾಗಿದ್ದರೂ ಬಹಳಷ್ಟು ಮಕ್ಕಳು ರೆಫರ್ ಆಗುತ್ತಾರೆ. 48 ಗಂಟೆ ಕಳೆದ ಮೇಲೆ ಅದೇ ಮಕ್ಕಳಲ್ಲಿ ಹೆಚ್ಚಿನವರು ಪಾಸಾಗುತ್ತಾರೆ. ಮರುದನಿಯ ಬಲವೂ ದಿನದಿಂದ ದಿನಕ್ಕೆ ಏರುತ್ತದೆ. ಸಿಸೇರಿಯನ್ ಆದ ಮಕ್ಕಳಲ್ಲಿ ದ್ರವ ಸ್ವಲ್ಪ ಹೆಚ್ಚು ಹೊತ್ತು ಉಳಿಯುವುದರಿಂದ ಮೊದಲ ದಿನ ರೆಫರ್ ಆಗುವುದು ಇನ್ನೂ ಹೆಚ್ಚು. ನಮ್ಮ ಮಗುವಿಗೆ ಪರೀಕ್ಷೆ ಮಾಡಿದಾಗ ಅದು ಹುಟ್ಟಿ ಹದಿನಾಲ್ಕು ಗಂಟೆ ಆಗಿತ್ತು, ಅದೂ ಸಿಸೇರಿಯನ್. ಮೇಲಿಂದ ಅಳುತ್ತಿತ್ತು. ಅಳುವ ಮಗುವಿನ ಸದ್ದಿನಲ್ಲಿ ಮೈಕಿಗೆ ಬೇರೇನೂ ಕೇಳಿಸುವುದಿಲ್ಲ.

ಹನ್ನೆರಡನೆಯ ದಿನ ಮಗುವನ್ನು ಮತ್ತೆ ಕರೆದುಕೊಂಡು ಹೋದೆವು. ಹಾಲು ಕುಡಿಸಿ, ಮಲಗಿಸಿ, ಗಲಾಟೆಯಿಲ್ಲದ ಕೋಣೆಯಲ್ಲಿ ಪರೀಕ್ಷಿಸಿದರು. ಎರಡೂ ಕಿವಿ ಪಾಸ್. ಅಲ್‌ಹಮ್ದುಲಿಲ್ಲಾಹ್! ನನ್ನ ತಂಗಿಯ ಮಗಳು ಆ ಚೀಟಿಯನ್ನು ಎದೆಗೆ ಒತ್ತಿಕೊಂಡಳು. ತಟ್ಟೆ ಬಡಿದ ದಾದಿಯೇ ಮನೆಗೆ ಬಂದು ಎಲ್ಲರಿಗೂ ಸಿಹಿ ಹಂಚಿದರು.

ಇನ್ನು ನನ್ನ ತಪ್ಪಿನ ವಿಷಯ.

ಆ ಸಂತೋಷದಲ್ಲಿ ನಾನು ಹೋದಲ್ಲೆಲ್ಲ ಇದನ್ನೇ ಹೇಳಿದೆ. ಹೊಳೆನರಸೀಪುರದಲ್ಲಿ ಒಂದು ಮದುವೆಮನೆಯಲ್ಲಿ ಹೇಳಿದೆ. ಅರಕಲಗೂಡಿನಲ್ಲಿ ಮಹಿಳೆಯರ ಒಂದು ಕೂಟದಲ್ಲಿ ಹೇಳಿದೆ. "ಮೊದಲ ದಿನ ಫೇಲ್ ಆದರೆ ಹೆದರಬೇಡಿ, ಅದೇನೂ ಅಲ್ಲ, ಕಿವಿಯಲ್ಲಿ ನೀರಿರುತ್ತದೆ ಅಷ್ಟೇ." ಈ ಮಾತಿನ ಮೊದಲರ್ಧ ನಿಜ. 'ಅದೇನೂ ಅಲ್ಲ' ಎಂಬ ಮಾತನ್ನು ನಾನು ಹೇಳಬಾರದಿತ್ತು.

ಎರಡು ವರ್ಷದ ನಂತರ ಆ ಕೂಟದಲ್ಲಿದ್ದ ಒಬ್ಬ ಸಹೋದರಿ ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗುವಿಗೂ ಆಸ್ಪತ್ರೆಯಲ್ಲಿ ರೆಫರ್ ಎಂದು ಬರೆದುಕೊಟ್ಟಿದ್ದರು. ಮತ್ತೆ ಹೋಗೋಣವೆಂದು ಗಂಡ ಹೇಳಿದಾಗ, "ಮದ್ರಸದ ಆಪಾ ಹೇಳಿದ್ದಾರೆ, ಅದೇನೂ ಅಲ್ಲವಂತೆ" ಎಂದು ಅವರೇ ಬೇಡವೆಂದಿದ್ದರು. ಎರಡು ವರ್ಷವಾದರೂ ಮಗು ಅಮ್ಮಿ ಎನ್ನಲಿಲ್ಲ. ಕೆಲವು ಮಕ್ಕಳು ತಡವಾಗಿ ಮಾತಾಡುತ್ತವೆ ಎಂದು ಹಿರಿಯರು ಸಮಾಧಾನ ಹೇಳಿದರು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದಾಗ ಎರಡೂ ಕಿವಿಯಲ್ಲಿ ತೀವ್ರ ಶ್ರವಣದೋಷ ಹುಟ್ಟಿನಿಂದಲೇ ಇರಬೇಕು ಎಂದು ಗೊತ್ತಾಯಿತು. ಆ ಸಹೋದರಿ ನನ್ನನ್ನು ಬೈಯಲಿಲ್ಲ. "ಆಪಾ, ನೀವು ಇನ್ನು ಮುಂದೆ ಹೇಳುವಾಗ ಪೂರ್ತಿ ಹೇಳಿ" ಎಂದರು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅವರ ಮಾತಿನಂತೆ ಇಂದು ಪೂರ್ತಿ ಹೇಳುತ್ತಿದ್ದೇನೆ.

ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಶಾಶ್ವತವಾದ ಶ್ರವಣದೋಷ ಇರುತ್ತದೆ ಎಂದು ತಜ್ಞರು ಹೇಳುತ್ತಾರೆ. ಮೊದಲ ದಿನವೇ ಪರೀಕ್ಷಿಸಿದರೆ ರೆಫರ್ ಆಗುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ ಇರಬಹುದು, ಅಂದರೆ ಸಾವಿರದಲ್ಲಿ ನೂರಕ್ಕೂ ಹೆಚ್ಚು. ಈ ನೂರರಲ್ಲಿ ಬಹುತೇಕ ಎಲ್ಲರ ಕಿವಿಯೂ ಸರಿಯಾಗಿಯೇ ಇರುತ್ತದೆ. ಆದರೆ ಆ ಒಂದರಿಂದ ಮೂರು ಮಕ್ಕಳೂ ಇದೇ ನೂರರ ಗುಂಪಿನಲ್ಲೇ ಕುಳಿತಿರುತ್ತಾರೆ. ಅಕ್ಕಿಯಲ್ಲಿ ಕಲ್ಲು ಇರುವುದು ಒಂದೆರಡೇ. ಹಾಗೆಂದು ಮೊರ ಹಿಡಿಯದೆ ಅನ್ನಕ್ಕೆ ಇಡುವವರುಂಟೇ? ಎರಡನೆಯ ಪರೀಕ್ಷೆ ನಮ್ಮ ಮೊರ. ಮೊದಲನೆಯದರಲ್ಲಿ ರೆಫರ್ ಆದರೆ ಹೆದರಬೇಡಿ, ಆದರೆ ಎರಡನೆಯದಕ್ಕೆ ಹೋಗದೆ ಇರಬೇಡಿ. ಈ ಎರಡು ಮಾತನ್ನು ಬೇರೆ ಬೇರೆ ಮಾಡಿ ಯಾರಿಗೂ ಹೇಳಬಾರದು.

ಇಷ್ಟು ಅವಸರ ಏಕೆ, ಮಗು ಒಂದು ವರ್ಷದ್ದಾದ ಮೇಲೆ ನೋಡಿದರಾಗದೇ ಎಂದು ನೀವು ಕೇಳಬಹುದು. ಗರ್ಭದಲ್ಲಿ ಆರು ತಿಂಗಳು ತುಂಬುವ ಹೊತ್ತಿಗೇ ಮಗು ಹೊರಗಿನ ಸದ್ದಿಗೆ ಸ್ಪಂದಿಸಲು ಆರಂಭಿಸಿರುತ್ತದೆ. ಹುಟ್ಟಿ ಮೂರು ದಿನವೂ ತುಂಬದ ಮಕ್ಕಳು ಇತರ ಹೆಂಗಸರ ಧ್ವನಿಗಿಂತ ತಮ್ಮ ತಾಯಿಯ ಧ್ವನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದರು. ಅಂದರೆ ಭಾಷೆಯ ಕಲಿಕೆ ತೊಟ್ಟಿಲಿಗಿಂತ ಮೊದಲೇ ಶುರುವಾಗಿರುತ್ತದೆ. ಕಿವಿಯಿಂದ ಮೆದುಳಿಗೆ ಹೋಗುವ ನರದ ದಾರಿಯೂ ಮೊದಲ ಒಂದೆರಡು ವರ್ಷಗಳಲ್ಲಿ ಬಲಿಯುತ್ತದೆ. ಶಬ್ದ ಮೆದುಳಿನ ಕಾಂಡವನ್ನು ತಲುಪುವ ಹೊತ್ತನ್ನು ಅಳೆದಾಗ ದೊಡ್ಡವರಲ್ಲಿ ಸುಮಾರು 6 ಮಿಲಿಸೆಕೆಂಡಿಗೆ ಕಾಣುವ ಅಲೆ, ಹೊಸ ಮಗುವಿನಲ್ಲಿ ಸುಮಾರು 7 ಮಿಲಿಸೆಕೆಂಡಿಗೆ ಕಾಣುತ್ತದೆ. ತಿಂಗಳು ಕಳೆದಂತೆ ಈ ಅಂತರ ಕಡಿಮೆಯಾಗಿ, ಎರಡು ವರ್ಷದ ಹೊತ್ತಿಗೆ ದೊಡ್ಡವರಂತಾಗುತ್ತದೆ. ನಡೆದಷ್ಟೂ ಕಾಲುದಾರಿ ಹದವಾಗುವಂತೆ, ಕೇಳಿದಷ್ಟೂ ಮೆದುಳು ಶಬ್ದವನ್ನು ಬಳಸಲು ಕಲಿಯುತ್ತದೆ. ಯಾರೂ ನಡೆಯದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ.

ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ ಇಟಾನೊ ಮತ್ತು ಸಂಗಡಿಗರು ಶ್ರವಣದೋಷವಿದ್ದ 150 ಮಕ್ಕಳನ್ನು ಪರಿಶೀಲಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಗೊತ್ತಾಗಿ ನೆರವು ಸಿಕ್ಕಿದ ಮಕ್ಕಳ ಭಾಷೆ, ತಡವಾಗಿ ಗೊತ್ತಾದ ಮಕ್ಕಳಿಗಿಂತ ಸ್ಪಷ್ಟವಾಗಿ ಮುಂದಿತ್ತು. ಆದ್ದರಿಂದಲೇ ತಜ್ಞರು 'ಒಂದು, ಮೂರು, ಆರು' ಎಂಬ ಲೆಕ್ಕ ಹೇಳುತ್ತಾರೆ. ಒಂದು ತಿಂಗಳೊಳಗೆ ಮೊದಲ ಹಂತದ ಪರೀಕ್ಷೆ ಮುಗಿಯಬೇಕು. ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ನಿಶ್ಚಯವಾಗಬೇಕು. ಆರು ತಿಂಗಳೊಳಗೆ ಶ್ರವಣಯಂತ್ರ, ತರಬೇತಿ ಮುಂತಾದ ನೆರವು ಸಿಗಬೇಕು.

ಒಂದು ತಿಂಗಳು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ತೊಡಕು ಬರುತ್ತದೆ. ನಲವತ್ತು ದಿನದ ಚಿಲ್ಲಾ ಮುಗಿಯದೆ ಬಾಣಂತಿ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಅರಕಲಗೂಡಿನ ಆ ಮನೆಯಲ್ಲೂ ಈ ಮಾತು ಬಂದಿತ್ತಂತೆ. ಚಿಲ್ಲಾ ಮುಗಿದ ಮೇಲೆ ಹೋಗೋಣ ಎಂದರು, ಮುಗಿದ ಮೇಲೆ ಮರೆತರು. ಸಹೋದರಿಯರೇ, ಮದ್ರಸದಲ್ಲಿ ಓದಿದವಳಾಗಿ ಇದನ್ನು ಹೇಳುವುದು ನನ್ನ ಹೊಣೆ. ನಿಫಾಸಿನ ದಿನಗಳಲ್ಲಿ ಹೆಣ್ಣಿಗೆ ನಮಾಝ್ ಇಲ್ಲ, ಉಪವಾಸವಿಲ್ಲ. ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಬಾರದು ಎಂಬ ನಿಯಮ ಧರ್ಮದಲ್ಲಿಲ್ಲ. ಬಾಣಂತಿಗೆ ವಿಶ್ರಾಂತಿ ಬೇಕು, ಗಾಳಿ ಚಳಿಯಿಂದ ರಕ್ಷಣೆ ಬೇಕು, ನಿಜ. ಅದು ಪ್ರೀತಿಯ ಕಟ್ಟುಪಾಡು. ಆದರೆ ಲಸಿಕೆಗೆಂದು ಮಗುವನ್ನು ಹೊರಗೆ ಒಯ್ಯುತ್ತೇವಲ್ಲ? ಕಿವಿಗಾಗಿಯೂ ಒಯ್ಯಬಹುದು. ಬೆಚ್ಚಗೆ ಹೊದೆಸಿ, ಒಂದು ಆಟೋ ಮಾಡಿಕೊಂಡು, ನಾನಿಯೋ ದಾದಿಯೋ ಜೊತೆಯಲ್ಲಿ ಹೋದರೆ ಒಂದು ಬೆಳಗಿನ ಕೆಲಸ.

ಎಲ್ಲಿಗೆ ಹೋಗಬೇಕು? ಹೆರಿಗೆಯಾದ ಆಸ್ಪತ್ರೆಯಲ್ಲೇ ಮೊದಲು ಕೇಳಿ. "ನನ್ನ ಮಗುವಿನ ಕಿವಿ ಪರೀಕ್ಷೆ ಆಗಿದೆಯೇ, ಯಾವಾಗ ಆಗಿದೆ, ಎರಡೂ ಕಿವಿಯ ಫಲಿತಾಂಶ ಏನು?" ಈ ಮೂರು ಪ್ರಶ್ನೆ ಕೇಳಲು ಸಂಕೋಚ ಬೇಡ. ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ತಾಲೂಕಿನಲ್ಲಿ ಯಂತ್ರ ಇಲ್ಲದಿದ್ದರೆ ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ದೋಷಗಳ ಪಟ್ಟಿಯಲ್ಲಿ ಹುಟ್ಟು ಕಿವುಡೂ ಇದೆ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಮೂರನೆಯ, ಏಳನೆಯ, ಹದಿನಾಲ್ಕನೆಯ ದಿನ, ಹೀಗೆ ನಲವತ್ತೆರಡನೆಯ ದಿನದವರೆಗೆ ಮನೆಗೆ ಬರುತ್ತಾರೆ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕೂರಿಸಿ ಕೇಳಿ.

ಹೆಚ್ಚಿನ ಪರೀಕ್ಷೆ ಬೇಕಾದರೆ ನಮ್ಮ ಭಾಗ್ಯಕ್ಕೆ ಮೈಸೂರು ದೂರವಿಲ್ಲ. ಅಲ್ಲಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಸಂಸ್ಥೆ ಅದು. ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಮಗಾದರೋ ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ನೇರ ರೈಲಿದೆ. ಅರಕಲಗೂಡು, ಚನ್ನರಾಯಪಟ್ಟಣದವರು ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ಮನೆಗೆ ಮರಳಬಹುದು. ಶ್ರವಣದೋಷವಿರುವ ಪುಟ್ಟ ಮಕ್ಕಳಿಗೆ ಅಲ್ಲಿ ಶಾಲಾಪೂರ್ವ ತರಬೇತಿಯೂ ಇದೆ, ಮಕ್ಕಳ ಜೊತೆ ತಾಯಂದಿರಿಗೂ ಕಲಿಸುತ್ತಾರೆ. ಮುಂಬಯಿಯಲ್ಲಿ ಇಂಥದೇ ಕೆಲಸಕ್ಕಾಗಿ 1983ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಗೆ ಅಲಿ ಯಾವರ್ ಜಂಗ್ ಅವರ ಹೆಸರಿದೆ. ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರು.

ಕೆಲವು ಮಕ್ಕಳಿಗೆ ಓ.ಎ.ಇ. ಮಾತ್ರ ಸಾಲದು. ತಿಂಗಳು ತುಂಬುವ ಮೊದಲೇ ಹುಟ್ಟಿದವರು, ತೂಕ ತೀರಾ ಕಡಿಮೆ ಇದ್ದವರು, ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದವರು, ರಕ್ತ ಬದಲಾಯಿಸಬೇಕಾದಷ್ಟು ಕಾಮಾಲೆ ಏರಿದವರು, ಮೆದುಳು ಜ್ವರ ಬಂದವರು, ಮನೆತನದಲ್ಲಿ ಚಿಕ್ಕಂದಿನಿಂದ ಕಿವಿ ಕೇಳದವರು ಇರುವ ಮಕ್ಕಳು, ಇವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಇಂಥವರಲ್ಲಿ ಕೆಲವರ ಒಳಗಿವಿ ಮರುದನಿ ಕೊಡುತ್ತದೆ, ಆದರೆ ನರದ ದಾರಿಯಲ್ಲಿ ಸುದ್ದಿ ಮುಂದೆ ಹೋಗುವುದಿಲ್ಲ. ಆಗ ಓ.ಎ.ಇ. ಪಾಸ್ ಎನ್ನುತ್ತದೆ, ಮಗುವಿಗೆ ಮಾತ್ರ ಸರಿಯಾಗಿ ಕೇಳುವುದಿಲ್ಲ. ಅದಕ್ಕಾಗಿ ಎ.ಬಿ.ಆರ್. ಎಂಬ ಇನ್ನೊಂದು ಪರೀಕ್ಷೆಯಿದೆ, ನಮ್ಮ ಕಡೆಯ ವೈದ್ಯರು ಅದನ್ನು 'ಬೆರಾ' ಎನ್ನುವುದೂ ಉಂಟು. ನಿದ್ರಿಸುವ ಮಗುವಿನ ತಲೆಗೆ ಪುಟ್ಟ ಪಟ್ಟಿಗಳನ್ನು ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ನರದಲ್ಲಿ ಏಳುವ ಅಲೆಗಳನ್ನು ನೋಡುತ್ತಾರೆ. ಇದರಲ್ಲೂ ನೋವಿಲ್ಲ. ಶಬ್ದ ಒಳಗೆ ಹೋದರೆ ಸಾಕು, ಮರುದನಿ ಹೊರಬರಬೇಕಾಗಿಲ್ಲ. ಆದ್ದರಿಂದ ಮೊದಲ ದಿನಗಳ ದ್ರವ ಇದಕ್ಕೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ.

ಮನೆಯ ಪರೀಕ್ಷೆಗಳನ್ನು ನಂಬಿ ಕೂರಬೇಡಿ. ತಟ್ಟೆ ಬಡಿದಾಗ, ಬಾಗಿಲು ಹಾಕಿದಾಗ ಮಗು ಬೆಚ್ಚುವುದು ಶಬ್ದಕ್ಕೇ ಆಗಬೇಕಿಲ್ಲ, ಅದುರುವಿಕೆಗೂ ಗಾಳಿಗೂ ಬೆಚ್ಚಬಹುದು. ಅರ್ಧ ಕೇಳುವ ಮಗು ದೊಡ್ಡ ಸದ್ದಿಗೆ ತಿರುಗುತ್ತದೆ, ಮಾತು ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಇನ್ನೊಂದು ಮಾತು. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆ ಅಳುತ್ತದೆ, ಎಲ್ಲರಂತೆ ಅಹಾ ಊಹೂ ಎನ್ನುತ್ತದೆ. ಅದನ್ನು ಕಂಡು ತಾಯಿ ಮೋಸಹೋಗುತ್ತಾಳೆ. ಹಾಗೆಯೇ ಸ್ನಾನದ ನಂತರ ಕಿವಿಗೆ ಎಣ್ಣೆ ಬಿಡುವುದು, ಬಾಯಿಯಿಂದ ಊದುವುದು, ಕಡ್ಡಿ ಹಾಕಿ ಲೇಪ ತೆಗೆಯುವುದು ಬೇಡ. ಅಲ್ಲಾಹನು ಕಿವಿಗೆ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಗುಣ ಕೊಟ್ಟಿದ್ದಾನೆ.

ಎರಡನೆಯ ಪರೀಕ್ಷೆಯಲ್ಲೂ, ಮೂರನೆಯದರಲ್ಲೂ ದೋಷವಿದೆ ಎಂದೇ ಬಂದರೆ? ಆಗ ದಯವಿಟ್ಟು ತಾಯಿಯ ಕಡೆಗೆ ಬೆರಳು ತೋರಿಸಬೇಡಿ. ಹುಟ್ಟು ಕಿವುಡಿನ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಕಾರಣ ವಂಶವಾಹಿಯಲ್ಲಿದ್ದರೆ ಬಹುತೇಕ ಸಲ ಅದು ತಂದೆ ಮತ್ತು ತಾಯಿ ಇಬ್ಬರಿಂದಲೂ ಸಮನಾಗಿ ಬಂದಿರುತ್ತದೆ. ಇಬ್ಬರಲ್ಲೂ ಅಡಗಿದ್ದುದು ಮಗುವಿನಲ್ಲಿ ಕೂಡಿ ಕಾಣಿಸಿಕೊಳ್ಳುತ್ತದೆ, ಅಂಥ ದಂಪತಿಗೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ರಕ್ತಸಂಬಂಧದಲ್ಲಿ ಮದುವೆಯಾದಾಗ ಹೀಗೆ ಕೂಡುವ ಸಂಭವ ಹೆಚ್ಚು. ನಮ್ಮಲ್ಲಿ ಚಿಕ್ಕಪ್ಪ, ಮಾವಂದಿರ ಮಕ್ಕಳನ್ನು ತರುವ ರೂಢಿಯಿದೆ. ನೆರೆಯ ಹಿಂದೂ ಮನೆಗಳಲ್ಲಿ ಅಕ್ಕನ ಮಗಳನ್ನು ತರುವ ರೂಢಿಯಿದೆ. ಧರ್ಮ ನಮಗೆ ಇದನ್ನು ಅನುಮತಿಸಿದೆ, ಕಡ್ಡಾಯ ಮಾಡಿಲ್ಲ. ಮನೆತನದಲ್ಲಿ ಈಗಾಗಲೇ ಕಿವಿ ಕೇಳದ ಮಕ್ಕಳಿದ್ದರೆ ಸಂಬಂಧ ಕೂಡಿಸುವ ಮೊದಲು ವೈದ್ಯರನ್ನು ಕೇಳುವುದು ಜಾಣತನ. ಇನ್ನು ಬಸುರಿಯಲ್ಲಿ ರುಬೆಲ್ಲಾ ತಗುಲಿದರೂ ಹುಟ್ಟುವ ಮಗುವಿನ ಕಿವಿ ಹಾಳಾಗಬಹುದು. ಕರ್ನಾಟಕದಲ್ಲಿ 2017ರಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಎಷ್ಟೋ ಮಂದಿ ಗಾಳಿಮಾತು ನಂಬಿ ಹೆಣ್ಣುಮಕ್ಕಳನ್ನು ಅಂದು ಶಾಲೆಗೇ ಕಳಿಸಲಿಲ್ಲ. ಆ ಲಸಿಕೆ ಮುಂದೆ ಆ ಹುಡುಗಿಯ ಮಡಿಲು ತುಂಬುವ ಮಗುವಿನ ಕಿವಿಯ ಕಾವಲು.

ದೋಷವಿದ್ದರೂ ದಾರಿ ಮುಚ್ಚಿಲ್ಲ. ಕೆಲವೇ ತಿಂಗಳ ಮಗುವಿಗೂ ಶ್ರವಣಯಂತ್ರ ಹಾಕಬಹುದು. ಅದರಿಂದ ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆಯಿದೆ. ಅದು ದುಬಾರಿ, ಆದರೆ ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲೂ ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲೂ ಅರ್ಹ ಪುಟ್ಟ ಮಕ್ಕಳಿಗೆ ನೆರವು ಸಿಗುತ್ತದೆ. ಇದಕ್ಕೆ ವಯಸ್ಸಿನ ಮಿತಿಯಿದೆ, ಆದ್ದರಿಂದಲೂ ತಡ ಮಾಡಬಾರದು. ಕೈಸನ್ನೆಯ ಭಾಷೆಯೂ ಒಂದು ಪೂರ್ಣ ಭಾಷೆ. ಯಾವ ದಾರಿಯಾದರೂ ಸರಿ, ಮಗುವಿಗೆ ಬೇಗನೆ ಒಂದು ಭಾಷೆ ಸಿಗಬೇಕು.

ಪಾಸಾದ ಮಕ್ಕಳ ತಾಯಂದಿರಿಗೂ ಒಂದು ಮಾತು. ಕೆಲವು ಮಕ್ಕಳಲ್ಲಿ ದೋಷ ಆಮೇಲೆ ಬರುತ್ತದೆ, ಸಣ್ಣ ದೋಷ ಮೊದಲ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದೂ ಉಂಟು. ಆರು ತಿಂಗಳಿಗೆ ಸದ್ದು ಬಂದ ಕಡೆಗೆ ತಲೆ ತಿರುಗಿಸಬೇಕು, ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ನೋಡಬೇಕು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಸೀನ್, ಶೀನ್, ಸ್ವಾದ್ ಮೂರನ್ನೂ ಒಂದೇ ತರ ಹೇಳುತ್ತಿದ್ದಳು. ಎಷ್ಟು ತಿದ್ದಿದರೂ ಅಷ್ಟೇ. ಗಮನವಿಲ್ಲ ಎಂದು ಗದರಿದ್ದೇನೆ, ಒಮ್ಮೆ ಹೊರಗೆ ನಿಲ್ಲಿಸಿದ್ದೇನೆ. ತಂಗಿಯ ಮಗಳ ಪ್ರಸಂಗದ ನಂತರ ಅನುಮಾನ ಬಂದು ಪರೀಕ್ಷೆ ಮಾಡಿಸಲು ಹೇಳಿದೆ. ತೆಳುವಾದ, ಮೇಲಿನ ಸ್ವರದ ಶಬ್ದಗಳು ಅವಳಿಗೆ ಕೇಳುತ್ತಲೇ ಇರಲಿಲ್ಲ. ಕೇಳದ ಅಕ್ಷರವನ್ನು ಅವಳು ಹೇಳುವುದಾದರೂ ಹೇಗೆ? ಈಗ ಶ್ರವಣಯಂತ್ರ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂರುತ್ತಾಳೆ. ಶಿಕ್ಷಕಿಯರೇ, ಗದರುವ ಮೊದಲು ಒಮ್ಮೆ ಕಿವಿಯ ಬಗ್ಗೆ ಯೋಚಿಸಿ.

ಕುರ್‌ಆನಿನ ಸೂರಃ ಅನ್ನಹ್ಲ್‌ನಲ್ಲಿ, ಏನೂ ಅರಿಯದ ಸ್ಥಿತಿಯಲ್ಲಿ ತಾಯಿಯ ಗರ್ಭದಿಂದ ಬಂದ ಮನುಷ್ಯನಿಗೆ ಕೊಟ್ಟ ಅನುಗ್ರಹಗಳನ್ನು ಎಣಿಸುವಾಗ ಶ್ರವಣವನ್ನೇ ಮೊದಲು ಹೆಸರಿಸಲಾಗಿದೆ, ದೃಷ್ಟಿ ಆಮೇಲೆ ಬರುತ್ತದೆ. ಕೊಟ್ಟ ಅನುಗ್ರಹಕ್ಕೆ ಕೃತಜ್ಞತೆ ಸಲ್ಲಿಸುವುದೆಂದರೆ ಅದನ್ನು ಕಾಯುವುದೂ ಹೌದು.

ಅರಕಲಗೂಡಿನ ಆ ಸಹೋದರಿ ಮಗುವಿನ ತರಬೇತಿಗಾಗಿ ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಂದಷ್ಟು ಕಾಲ ಇದ್ದರು. ಕಳೆದ ಈದ್‌ಗೆ ಫೋನ್ ಮಾಡಿದ್ದರು. "ಮಗು ಮಾತಾಡುತ್ತಾನೆ ಕೇಳಿ ಆಪಾ" ಎಂದು ಅವನ ಕೈಗೆ ಕೊಟ್ಟರು. ಸಲಾಂ ಎಂದನೋ, ಅಮ್ಮಿ ಎಂದನೋ, ನನಗೆ ಸ್ಪಷ್ಟವಾಗಲಿಲ್ಲ. ಇನ್ನೂ ಕಲಿಯುತ್ತಿದ್ದಾನೆ. ಎರಡು ವರ್ಷ ಮೊದಲೇ ಕಲಿಯಲು ಶುರು ಮಾಡಬಹುದಾಗಿತ್ತು.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಈಗ ಯಾರಾದರೂ ಬಾಣಂತಿ ಇದ್ದರೆ, ಈ ಪತ್ರಿಕೆ ಮಡಚಿಡುವ ಮೊದಲು ಅವರ ತಾಯಿ ಕಾರ್ಡ್ ತೆಗೆದು ನೋಡಿ. ಕಿವಿಯ ಸಾಲು ಖಾಲಿಯಿದ್ದರೆ, ಅಥವಾ ರೆಫರ್ ಎಂದಿದ್ದರೆ, ಎರಡನೆಯ ಪರೀಕ್ಷೆಯ ದಿನಾಂಕವನ್ನು ಅದರ ಪಕ್ಕದಲ್ಲಿ ಬರೆದಿಡಿ. ಆ ದಿನ ಮಗುವನ್ನು ಎತ್ತಿಕೊಂಡು ಹೋಗಿ.

ನಮ್ಮ ಮಕ್ಕಳ ಕಿವಿಗಳನ್ನು ಅಲ್ಲಾಹನು ಕಾಪಾಡಲಿ. ಕಾಯುವ ಕೆಲಸದಲ್ಲಿ ನಮ್ಮನ್ನು ಸೋಮಾರಿಗಳನ್ನಾಗಿ ಮಾಡದಿರಲಿ. ಆಮೀನ್.